ದಿನಾಸ್ ದಿನ್‌ಲೆ ಕೋಟೆ: ಎರಡು ವರ್ಷದ ಡ್ರೋನ್ ಮಾದರಿ ಹೊಂದುತ್ತಿಲ್ಲ

ವೇಲ್ಸ್‌ನ ಕಡಲತೀರದ ಈ ಪುರಾತನ ಕೋಟೆಯ ಡ್ರೋನ್ ಫೋಟೋಗಳಿಂದ ಮಾಡಿದ ಎರಡು ವರ್ಷದ 3ಡಿ ಮಾದರಿಗಳನ್ನು ಹೋಲಿಸಿದಾಗ, ದರೆಯ ಅಂಚಿನ ಜೊತೆ ಕೋಟೆಯ ಒಳಗಿನ ಮಣ್ಣಿನ ದಿಬ್ಬವೂ ಎರಡು ಮೀಟರ್ ಸರಿದಂತೆ ಕಾಣುತ್ತಿದೆ ಅಂದಿರಿ. ಹಾಗಿದ್ದರೆ ಅದು ಕಡಲ್ಕೊರೆತವಲ್ಲ, ಡ್ರೋನಿನ ಜಿಪಿಎಸ್ ವ್ಯತ್ಯಾಸ. ಸಾಮಾನ್ಯ ಡ್ರೋನ್‌ನಲ್ಲಿ ಇಷ್ಟು ಆಚೀಚೆ ಆಗುವುದು ಮಾಮೂಲಿ.

ಮೊದಲು ಎರಡೂ ವರ್ಷದ ಫೋಟೋಗಳನ್ನು ಮಾದರಿ ಮಾಡುವ ಸಾಫ್ಟ್‌ವೇರ್‌ನಲ್ಲಿ ಒಂದೇ ಪ್ರಾಜೆಕ್ಟ್‌ಗೆ ಹಾಕಿ. ಕದಲದ ಗುರುತುಗಳನ್ನು, ಅಂದರೆ ಗೋಡೆಯ ಮೂಲೆ, ರಸ್ತೆಯ ಗೆರೆ ಇಂಥವನ್ನು, ಎರಡರಲ್ಲೂ ಗುರುತಿಸಿ ಮತ್ತೆ ಅಲೈನ್ ಮಾಡಿ, ಅಂದರೆ ಒಂದಕ್ಕೊಂದು ಹೊಂದಿಸಿ. ಆಮೇಲೂ ಒಳದಿಬ್ಬದ ಎತ್ತರದಲ್ಲಿ ಮಾತ್ರ ವ್ಯತ್ಯಾಸ ಉಳಿದರೆ ಬೆಳೆದ ಹುಲ್ಲು ಕಾರಣ ಇರಬಹುದು. ಫೋಟೋ ನೋಡದೆ ಖಚಿತವಾಗಿ ಹೇಳಲಾರೆ.

ಮುಂದಿನ ಸಲ ಐದಾರು ಗುರುತು ಹಲಗೆ ಇಟ್ಟು, ಅವುಗಳ ಜಾಗವನ್ನು ಆರ್‌ಟಿಕೆಯಲ್ಲಿ (ಸೆಂಟಿಮೀಟರ್ ಮಟ್ಟದ ನಿಖರ ಜಿಪಿಎಸ್) ಅಳೆಯಿರಿ. ಅಂಚಿನ ಹತ್ತಿರ ಮಾತ್ರ ಹೋಗಬೇಡಿ. ಅಲ್ಲಿರುವುದು ಗಟ್ಟಿ ಬಂಡೆಯಲ್ಲ, ಹಿಮನದಿ ತಂದು ಸುರಿದ ಮರಳು, ಜಲ್ಲಿ. ಸುಮ್ನೆ ಕಾಲಿಟ್ಟರೂ ಜಾರುತ್ತದೆ. ಮೇಲಿನಿಂದ ನೇರವಾಗಿ ತೆಗೆದ ಫೋಟೋದಲ್ಲಿ ದರೆಯ ಮುಖ ಸಿಗುವುದಿಲ್ಲ. ಇಳಿತದ ಹೊತ್ತಿನಲ್ಲಿ ಸಮುದ್ರದ ಕಡೆಯಿಂದ ಕ್ಯಾಮೆರಾ ಓರೆ ಮಾಡಿ ಒಂದು ಸಾಲು ತೆಗೆಯಿರಿ, ಒಂದು ಫೋಟೋಗೂ ಮುಂದಿನದಕ್ಕೂ ಶೇ. 80ರಷ್ಟು ಓವರ್‌ಲ್ಯಾಪ್ ಇರಲಿ. ಪಶ್ಚಿಮದ ದಿಬ್ಬ ಆಗಲೇ ಸಮುದ್ರದ ಪಾಲಾಗಿದೆ. ಹಾಗಾಗಿ ಈ ಸಾಲೇ ಎಲ್ಲಕ್ಕಿಂತ ಮುಖ್ಯ.

ಜಾಗ ಬ್ರಿಟನ್ನಿನ ಪರಂಪರೆ ರಕ್ಷಣಾ ಸಂಸ್ಥೆ ನ್ಯಾಷನಲ್ ಟ್ರಸ್ಟ್‌ನದು, ಅನುಮತಿ ಬೇಕು. ಪಕ್ಕದಲ್ಲೇ ಕಾರ್ನಾರ್ವನ್ ವಿಮಾನ ನಿಲ್ದಾಣ ಇದೆ. ಹಾರಿಸುವ ಮೊದಲು ವಾಯುಪ್ರದೇಶದ ನಕ್ಷೆ ನೋಡಿ, ಅವರನ್ನೂ ಕೇಳಿ.