2005ರ ತಿದ್ದುಪಡಿ ಬಂದ ಮೇಲೂ 1994ರದ್ದು ಓದಬೇಕಾ?

ನಮಸ್ಕಾರ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಅಂತ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಬಂದ 2005ರ ಕೇಂದ್ರ ತಿದ್ದುಪಡಿ ಹೇಳಿದ ಮೇಲೆ, ಅದೇ ಕಾಯ್ದೆಗೆ ಕರ್ನಾಟಕ ತಂದ 1994ರ ತಿದ್ದುಪಡಿಯನ್ನು ಈಗ ಯಾಕೆ ಓದಬೇಕು ಅಂತ ಕೇಳಿದ್ದೀರಿ. ಓದಲೇಬೇಕು.

1994ರ ಕಾನೂನು ಮಗಳಿಗೂ ಮಗನಂತೆ ಹುಟ್ಟಿನಿಂದಲೇ ಹಕ್ಕು ಕೊಟ್ಟಿತು. ಆದರೆ ಅದು ಜಾರಿಗೆ ಬಂದ 1994ರ ಜುಲೈ 30ಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. ಒಂದೇ ಮನೆಯಲ್ಲಿ ಅಕ್ಕನಿಗೆ ಪಾಲಿಲ್ಲ, ತಂಗಿಗೆ ಇದೆ! ಕಾರಣ ಮದುವೆಯ ದಿನಾಂಕ ಅಷ್ಟೇ. ನನಗಂತೂ ಇದು ಇವತ್ತಿಗೂ ಅನ್ಯಾಯ ಅನ್ನಿಸುತ್ತದೆ. 2005ರ ಸೆಪ್ಟೆಂಬರ್ 9ರಿಂದ ಆ ಭೇದ ಹೋಯಿತು. ಮಗಳಿಗೆ ಈ ಹಕ್ಕು ಸಿಗಲು ಆ ದಿನ ತಂದೆ ಬದುಕಿರಲೇಬೇಕಾ ಎಂಬ ಗೊಂದಲ ಮಾತ್ರ ವರ್ಷಗಟ್ಟಲೆ ಉಳಿಯಿತು. ಬೇಕಿಲ್ಲ ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿತು.

ಆದರೂ 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಣಿಯಾದ ವಿಭಾಗ ಪತ್ರದಿಂದಲೋ ಕೋರ್ಟ್ ಡಿಕ್ರಿಯಿಂದಲೋ (ಅಂದರೆ ತೀರ್ಪಿನ ಆದೇಶದಿಂದಲೋ) ಆದ ಪಾಲು ಹಾಗೇ ಉಳಿಯುತ್ತದೆ. ಅಂಥ ಹಳೆಯ ಕೇಸ್ ಕೈಗೆ ಬಂದಾಗ ಆಗಿನ ಕಾನೂನು ಗೊತ್ತಿಲ್ಲದಿದ್ದರೆ ತಲೆಬುಡ ತಿಳಿಯುವುದಿಲ್ಲ.

ಪ್ರಬಂಧ ಬರೆಯುವುದಿದ್ದರೆ ಹಕ್ಕು ಬಿಡುಗಡೆ ಪತ್ರದ ಬಗ್ಗೆ, ಅಂದರೆ ನನ್ನ ಪಾಲು ಬಿಟ್ಟುಕೊಟ್ಟೆ ಅಂತ ಬರೆದುಕೊಡುವ ಪತ್ರದ ಬಗ್ಗೆ ಬರೆಯಿರಿ. ಪಾಲು ಕೇಳಿದರೆ ತವರು ತಪ್ಪುತ್ತದೆ ಅನ್ನುವ ಭಯಕ್ಕೆ ಸುಮ್ನೆ ಸಹಿ ಹಾಕುವ ಅಕ್ಕತಂಗಿಯರು ಈಗಲೂ ಇದ್ದಾರೆ, ಅಲ್ವಾ?

ಮೈಸೂರು ಸಂಸ್ಥಾನದ 1933ರ ಹಿಂದೂ ಮಹಿಳಾ ಹಕ್ಕುಗಳ ಕಾಯ್ದೆಯನ್ನೂ ನೋಡಿ. ಮನೆ ಪಾಲಾಗುವಾಗ ತಾಯಿಗೂ ಮದುವೆಯಾಗದ ಮಗಳಿಗೂ ಭಾಗ ಕೊಡಬೇಕೆಂದು ಅದು ಆಗಲೇ ಹೇಳಿತ್ತು.