ದುಬೈಗೆ ಹೊರಟ ತಮ್ಮನಿಗೆ: ಮೊದಲು ಬೇಸಿಕ್ ಎಷ್ಟು ಅಂತ ಕೇಳು

ತಮ್ಮಾ, ನೀನು ಬರೆದದ್ದು ಪೂರ್ತಿ ಓದಿದೆ. ಕುಂದಾಪುರದ ಕಡೆಯ ಹುಡುಗ, ಐಟಿಐ ಮುಗಿಸಿ ಎಸಿ ರಿಪೇರಿ ಕೆಲಸ ಮಾಡುತ್ತಿದ್ದೀಯ. ದುಬೈನಲ್ಲಿ 2,200 ದಿರ್ಹಮ್ ಸಂಬಳ, ರೂಮು ಮತ್ತು ಗಾಡಿ ಕಂಪನಿಯದು ಅಂತ ಏಜೆಂಟ್ ಹೇಳಿದ್ದಾನೆ. ಅವನಿಗೆ 90,000 ರೂಪಾಯಿ ಕೊಡಬೇಕು. ಸದ್ಯಕ್ಕೆ ವಿಸಿಟ್ ವೀಸಾದಲ್ಲಿ ಹೋಗು, ಆಮೇಲೆ ಅಲ್ಲೇ ಬದಲಾಯಿಸಿಕೊಡುತ್ತಾರೆ ಅಂದಿದ್ದಾನೆ. ಮನೆಯಲ್ಲಿ ಅಮ್ಮನಿಗೆ ಶುಗರ್, ನೀನೊಬ್ಬನೇ ಮಗ. "ಅಣ್ಣಾ, ಬರಬಹುದಾ? ತಿಂಗಳಿಗೆ ಎಷ್ಟು ಉಳಿಯುತ್ತೆ? ಬಿಸಿಲು ತಡೆಯೋಕೆ ಆಗುತ್ತಾ?" ಅಂತ ಕೇಳಿದ್ದೀಯ.

ಬರಬಹುದು. ಆದರೆ ಈ ದಾರಿಯಲ್ಲಿ ಬೇಡ.

ವಿಸಿಟ್ ವೀಸಾದಲ್ಲಿ ಬಂದವನು ಇಲ್ಲಿ ಕೆಲಸ ಮಾಡುವಂತಿಲ್ಲ. ಮಾಡಿದರೆ ಅದು ಕಾನೂನಿಗೆ ವಿರುದ್ಧ. ಎರಡು ತಿಂಗಳು ಸಂಬಳ ಕೊಡದೆ ಸತಾಯಿಸಿದರೆ ದೂರು ಕೊಡಲು ನಿನ್ನ ಕೈಯಲ್ಲಿ ಕಾಗದವೇ ಇರುವುದಿಲ್ಲ. ಸರಿಯಾದ ಕೆಲಸವಾದರೆ ಇಲ್ಲಿನ ಕಾರ್ಮಿಕ ಇಲಾಖೆಯ ಆಫರ್ ಲೆಟರ್ ನೀನು ಊರಲ್ಲಿರುವಾಗಲೇ ಬರುತ್ತದೆ. ಅರೇಬಿಕ್, ಇಂಗ್ಲಿಷ್ ಜೊತೆಗೆ ಹಿಂದಿ, ಮಲಯಾಳಂ, ತಮಿಳಿನಲ್ಲೂ ಸಿಗುತ್ತದೆ. ಅದಕ್ಕೆ ಸಹಿ ಹಾಕಿ, ವೀಸಾ ಬಂದ ಮೇಲೆ ಟಿಕೆಟ್. 2022ರ ಫೆಬ್ರವರಿಯಿಂದ ಜಾರಿಗೆ ಬಂದ ಕಾರ್ಮಿಕ ಕಾನೂನಿನ ಪ್ರಕಾರ ಕೆಲಸಕ್ಕೆ ಸೇರಿಸಿಕೊಳ್ಳುವ ಖರ್ಚು ಕಂಪನಿಯದು. ನಿನ್ನಿಂದ ವಸೂಲಿ ಮಾಡುವಂತಿಲ್ಲ. ನಿನ್ನ ಪಾಸ್‌ಪೋರ್ಟನ್ನು ತೆಗೆದಿಟ್ಟುಕೊಳ್ಳುವಂತೆಯೂ ಇಲ್ಲ. ಭಾರತದ ಕಡೆಯಿಂದ ನೋಡಿದರೂ ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದ್ದು ಹೆಚ್ಚೆಂದರೆ 30,000 ರೂಪಾಯಿ, ಮೇಲೆ ಜಿಎಸ್‌ಟಿ. ನಿನ್ನವನು ಕೇಳುತ್ತಿರುವುದು ಅದರ ಮೂರು ಪಟ್ಟು. ವಿದೇಶಕ್ಕೆ ದುಡಿಯಲು ಹೋಗುವವರಿಗಾಗಿ ಭಾರತ ಸರ್ಕಾರ ಇಟ್ಟಿರುವ ಇಮೈಗ್ರೇಟ್ ವೆಬ್‌ಸೈಟಿನಲ್ಲಿ ಅವನ ಲೈಸೆನ್ಸ್ ಇದೆಯಾ ನೋಡು. ಐದು ನಿಮಿಷದ ಕೆಲಸ.

ಇನ್ನೊಂದು ವಿಷಯ. ನೀನು ಹತ್ತನೇ ಕ್ಲಾಸ್ ಪಾಸಾದವನು. ನಿನ್ನ ಪಾಸ್‌ಪೋರ್ಟಿಗೆ ಎಮಿಗ್ರೇಶನ್ ಕ್ಲಿಯರೆನ್ಸ್, ಅಂದರೆ ದುಡಿಯಲು ಹೊರದೇಶಕ್ಕೆ ಹೋಗುವ ಮೊದಲು ಸರ್ಕಾರದ ಒಪ್ಪಿಗೆ, ಬೇಕಿಲ್ಲ. ಇದನ್ನು ಎಲ್ಲರೂ ಅನುಕೂಲ ಅಂದುಕೊಳ್ಳುತ್ತಾರೆ. ಆದರೆ ಹೋಗುವ ಮೊದಲು ನಿನ್ನ ಕರಾರುಪತ್ರವನ್ನು ಸರ್ಕಾರದ ಕಡೆಯವರು ಯಾರೂ ನೋಡುವುದಿಲ್ಲ ಅಂತಲೂ ಅರ್ಥ ಅಲ್ವಾ? ನೀನೇ ನೋಡಿಕೊಳ್ಳಬೇಕು.

ಈಗ ದುಡ್ಡಿನ ಮಾತು. 2,200 ದಿರ್ಹಮ್ ಅಂದ ಕೂಡಲೇ ನೀನು 23ರಿಂದ ಗುಣಿಸಿ 50,000 ಅಂದುಕೊಂಡಿದ್ದೀಯ. ಎಲ್ಲರೂ ಹಾಗೇ ಮಾಡುತ್ತಾರೆ. ಊಟಕ್ಕೆ 500-600 ತೆಗೆ. ಫೋನು, ಸೋಪು, ರಜೆ ದಿನದ ಚಹಾ-ತಿಂಡಿ ಅಂತ ಇನ್ನೊಂದು 200-250. ಉಳಿದದ್ದರಲ್ಲಿ ಸಾಲದ ಬಡ್ಡಿ. 90,000ವನ್ನು ನೂರಕ್ಕೆ ಮೂರರ ಬಡ್ಡಿಗೆ ತಂದರೆ ತಿಂಗಳಿಗೆ 2,700 ರೂಪಾಯಿ ಬಡ್ಡಿಗೇ ಹೋಯಿತು, ಅಸಲು ಹಾಗೇ ಕೂತಿರುತ್ತದೆ. ನಮ್ಮದು ಕಡಿಮೆಯೇ ಬಿಡು. ಬಾಂಗ್ಲಾದೇಶದ ಹುಡುಗರು ಇನ್ನೂ ಎಷ್ಟೋ ಜಾಸ್ತಿ ಕೊಟ್ಟು ಬಂದಿರುತ್ತಾರೆ. ಮೊದಲ ಒಂದೆರಡು ವರ್ಷದ ದುಡಿಮೆ ಪೂರ್ತಿ ಆ ಸಾಲಕ್ಕೇ. ಕೆಟ್ಟ ಕಂಪನಿ ಅಂತ ಗೊತ್ತಿದ್ದೂ ಅವರು ಬಿಟ್ಟು ಹೋಗದಿರುವುದು ಇದೇ ಕಾರಣಕ್ಕೆ.

ಅದಕ್ಕಿಂತ ಮುಖ್ಯವಾದದ್ದು ಬೇಸಿಕ್, ಅಂದರೆ ಮೂಲ ಸಂಬಳ. ಏಜೆಂಟ್ ಹೇಳುವುದು ಒಟ್ಟು ಸಂಬಳ. ಕಾಗದದಲ್ಲಿ ಅದನ್ನು ಒಡೆದಿರುತ್ತಾರೆ: ಬೇಸಿಕ್ ಇಷ್ಟು, ಅಲೋವೆನ್ಸ್ ಇಷ್ಟು. ಇಲ್ಲಿ ಹೊರಗಿನವರಿಗೆ ಪೆನ್ಶನ್ ಇಲ್ಲ. ಬಿಟ್ಟು ಹೋಗುವಾಗ ಸಿಗುವುದು ಗ್ರಾಚುಟಿ ಮಾತ್ರ, ಅಂದರೆ ದುಡಿದ ವರ್ಷಗಳ ಲೆಕ್ಕದಲ್ಲಿ ಕೊಡುವ ಇಡುಗಂಟು. ಅದರ ಲೆಕ್ಕ ಬೇಸಿಕ್ ಮೇಲೆ. ಒಂದು ವರ್ಷ ತುಂಬಿದ ಮೇಲೆ, ಮೊದಲ ಐದು ವರ್ಷಗಳವರೆಗೆ ವರ್ಷಕ್ಕೆ 21 ದಿನದ ಬೇಸಿಕ್. ಐದು ದಾಟಿದರೆ ವರ್ಷಕ್ಕೆ 30 ದಿನದ್ದು. 2,200ರಲ್ಲಿ ಬೇಸಿಕ್ 1,000 ಅಂತ ಬರೆದಿದ್ದರೆ ವರ್ಷಕ್ಕೆ 700 ದಿರ್ಹಮ್, ಐದು ವರ್ಷಕ್ಕೆ 3,500. ಬೇಸಿಕ್ 1,800 ಇದ್ದರೆ ಐದು ವರ್ಷಕ್ಕೆ 6,300. ಕೈಗೆ ಬರುವ ಸಂಬಳ ಎರಡರಲ್ಲೂ ಒಂದೇ. ಓಟಿ (ಹೆಚ್ಚುವರಿ ದುಡಿಮೆ) ಲೆಕ್ಕವೂ ಬೇಸಿಕ್ ಮೇಲೇ. ಕೆಲಸ ಹೋದರೆ ಸಿಗುವ ವಿಮೆಯ ಹಣವೂ ಬೇಸಿಕ್ ಮೇಲೇ. 16,000 ದಿರ್ಹಮ್‌ವರೆಗೆ ಬೇಸಿಕ್ ಇರುವವರಿಗೆ ಅದರ ಕಂತು ತಿಂಗಳಿಗೆ 5 ದಿರ್ಹಮ್. ಸೇರುವುದು ಕಡ್ಡಾಯ, ಸೇರದಿದ್ದರೆ 400 ದಿರ್ಹಮ್ ದಂಡ. ಆದ್ದರಿಂದ ಏಜೆಂಟ್ ಹತ್ತಿರ "ಸಂಬಳ ಎಷ್ಟು" ಅಂತ ಕೇಳಬೇಡ. "ಬೇಸಿಕ್ ಎಷ್ಟು" ಅಂತ ಕೇಳು. ಅವನು ತಡವರಿಸುವುದರಲ್ಲೇ ನಿನಗೆ ಅರ್ಧ ಉತ್ತರ ಸಿಗುತ್ತದೆ.

ರೂಪಾಯಿ ಬಿದ್ದರೆ ನಮಗೆ ಲಾಭ ಅಂತ ಊರಲ್ಲಿ ಹೇಳುತ್ತಾರೆ. 1997ರಿಂದ ಒಂದು ಡಾಲರ್‌ಗೆ 3.6725 ದಿರ್ಹಮ್ ಅಂತ ಗೂಟ ಹೊಡೆದಿಟ್ಟಿದ್ದಾರೆ. ಹಾಗಾಗಿ ಡಾಲರ್ ಏರಿದರೆ ದಿರ್ಹಮೂ ಏರಿತು. 2013ರ ಶುರುವಿನಲ್ಲಿ ಒಂದು ದಿರ್ಹಮ್‌ಗೆ 15 ರೂಪಾಯಿ ಹತ್ತಿರ ಇತ್ತು. 2024ರಲ್ಲಿ 23ರ ಹತ್ತಿರ. ರೇಟ್ ಏರಿದ ದಿನ ಊರಿಗೆ ಹಣ ಕಳಿಸುವ ಎಕ್ಸ್‌ಚೇಂಜ್ ಅಂಗಡಿ ಮುಂದೆ ಕ್ಯೂ ನೋಡಬೇಕು, ಹಬ್ಬದ ಹಾಗೆ. ಆದರೆ ಅಷ್ಟರಲ್ಲಿ ಊರಲ್ಲಿ ಮೇಸ್ತ್ರಿ ಕೂಲಿ, ಜಲ್ಲಿ, ಕಬ್ಬಿಣ ಎಲ್ಲ ಎಷ್ಟಾಯಿತು? ನಿನ್ನ ಸಂಬಳ ದಿರ್ಹಮ್‌ನಲ್ಲಿ ಅಲ್ಲೇ ನಿಂತಿರುತ್ತದೆ. ರೇಟ್ ಕಾದು ಕೂರುವವರನ್ನು ನೋಡಿದರೆ ನನಗೆ ನಗು ಬರುತ್ತದೆ. ಬರುವ ಮೊದಲು ಬ್ಯಾಂಕಿಗೆ ಹೋಗಿ ಎನ್‌ಆರ್‌ಇ ಖಾತೆಯ (ಹೊರದೇಶದ ದುಡಿಮೆ ಕಳಿಸಲು ಇರುವ ಖಾತೆ) ವಿಚಾರ ಕೇಳು. ಇಲ್ಲಿಂದ ಕಳಿಸಿದ ಹಣ ಅದರಲ್ಲಿದ್ದರೆ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ. ಈಗಿರುವ ಉಳಿತಾಯ ಖಾತೆಯನ್ನು ಎನ್‌ಆರ್‌ಒ, ಅಂದರೆ ಹೊರದೇಶದಲ್ಲಿರುವವರು ಊರಿನ ಆದಾಯಕ್ಕೆ ಇಟ್ಟುಕೊಳ್ಳುವ ಖಾತೆ, ಮಾಡಿಸಬೇಕು.

ಇಲ್ಲಿನ ಬ್ಯಾಂಕಿನವರು ಸಂಬಳ ಶುರುವಾದ ಮೇಲೆ ಸಾಲ ಬೇಕಾ, ಕಾರ್ಡ್ ಬೇಕಾ ಅಂತ ಫೋನ್ ಮಾಡುತ್ತಲೇ ಇರುತ್ತಾರೆ. ಬೇಡ ಅನ್ನು. ಅಕ್ಕನ ಮದುವೆಗೆ ಅಂತ ಸಾಲ ತೆಗೆದು, ಕೆಲಸ ಹೋಗಿ, ಊರಿಗೆ ಹೋಗಲಾಗದೆ ಸಿಕ್ಕಿಹಾಕಿಕೊಂಡವರು ಎಷ್ಟೋ ಜನ.

ಬಿಸಿಲಿನ ಬಗ್ಗೆ ಕೇಳಿದೆಯಲ್ಲ, ಬಿಸಿಲಿಗಿಂತ ಸೆಕೆಗೆ ಹೆದರು. ನಮ್ಮ ಕರಾವಳಿಯ ಮೇ ತಿಂಗಳು ನಿನಗೆ ಗೊತ್ತು. ಅದರ ಮೇಲೆ ಇನ್ನೂ ಹತ್ತು ಡಿಗ್ರಿ ಸೇರಿಸಿ ನೋಡು. ಜುಲೈ-ಆಗಸ್ಟ್‌ನಲ್ಲಿ ಬೆವರು ಆರುವುದೇ ಇಲ್ಲ. ಬೆವರು ಆರದಿದ್ದರೆ ಮೈ ತಣ್ಣಗಾಗುವುದಿಲ್ಲ, ಅಪಾಯ ಇರುವುದು ಅಲ್ಲೇ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12:30ರಿಂದ 3ರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ. ಮಾಡಿಸಿದರೆ ಕಂಪನಿಗೆ ಒಬ್ಬ ಕೆಲಸಗಾರನಿಗೆ 5,000 ದಿರ್ಹಮ್‌ನಂತೆ ದಂಡ, ಗರಿಷ್ಠ 50,000. ನಿಯಮ ಒಳ್ಳೆಯದೇ. ಆದರೆ ನಿನ್ನದು ಎಸಿ ಕೆಲಸ. ಬೇಸಿಗೆಯಲ್ಲೇ ಎಸಿ ಕೆಡುವುದು. ಟೆರೇಸಿನಲ್ಲಿ ಸಾಲಾಗಿ ಔಟ್‌ಡೋರ್ ಯೂನಿಟ್ ಇರುತ್ತವೆ, ಎಲ್ಲವೂ ಮುಖಕ್ಕೆ ಬಿಸಿ ಗಾಳಿ ಊದುತ್ತಿರುತ್ತವೆ. ಸ್ಪ್ಯಾನರ್ ಬರಿಗೈಯಲ್ಲಿ ಹಿಡಿದರೆ ಸುಡುತ್ತದೆ. ಒಂದು ಗಂಟೆ ಕಳೆದು ಕೆಳಗೆ ಬಂದರೆ ಅಂಗಿಯ ಬೆನ್ನಲ್ಲಿ ಉಪ್ಪು ಬಿಳಿ ಗೆರೆ ಗೆರೆಯಾಗಿ ನಿಂತಿರುತ್ತದೆ. ಇನ್ನು ಸೀಲಿಂಗ್ ಒಳಗೆ ತೂರಿ ಡಕ್ಟ್ (ಗಾಳಿ ಹರಿಯುವ ಕೊಳವೆ) ಹಿಡಿಯುವವನು ಬಿಸಿಲಲ್ಲಿಲ್ಲ ಅಂತ ಲೆಕ್ಕ. ಒಳಗಿನ ಸೆಕೆ ಅವನಿಗೇ ಗೊತ್ತು.

ನೀರು ಕುಡಿ ಅಂತ ಎಲ್ಲರೂ ಹೇಳುತ್ತಾರೆ, ನಾನೂ ಹೇಳುತ್ತೇನೆ. ಬಾಯಾರುವವರೆಗೆ ಕಾಯಬೇಡ. ಮೂತ್ರದ ಬಣ್ಣ ಗಾಢವಾದರೆ ನೀರು ಸಾಲುತ್ತಿಲ್ಲ ಅಂತ ಅರ್ಥ. ಟಾಯ್ಲೆಟ್ ದೂರ ಇದೆ ಅಂತ ನೀರು ಕಡಿಮೆ ಕುಡಿಯುವುದು, ಸಂಜೆ ಮೈಕೈ ನೋವಿಗೆ ಅಂತ ನೋವಿನ ಮಾತ್ರೆ ನುಂಗುವುದು, ಈ ಎರಡೂ ಸೇರಿದರೆ ಕಿಡ್ನಿಗೆ ಪೆಟ್ಟು. ಗಲ್ಫ್‌ನಿಂದ ಮರಳಿದ ಇಪ್ಪತ್ತು-ಮೂವತ್ತರ ವಯಸ್ಸಿನ ನೇಪಾಳಿ ಹುಡುಗರು ಕಿಡ್ನಿ ಕೆಟ್ಟು ಡಯಾಲಿಸಿಸ್‌ಗೆ ಬರುವುದನ್ನು ಅಲ್ಲಿನ ವೈದ್ಯರು ವರ್ಷಗಳಿಂದ ಹೇಳುತ್ತಿದ್ದಾರೆ. ಬರುವುದಾದರೆ ಅಕ್ಟೋಬರ್ ನಂತರ ಬಾ. ಮುಂದಿನ ಬೇಸಿಗೆಯ ಹೊತ್ತಿಗೆ ಮೈ ಒಗ್ಗಿರುತ್ತದೆ.

ಮಳೆ ಇಲ್ಲಿ ಇಲ್ಲವೇ ಇಲ್ಲ ಅಂದುಕೊಳ್ಳಬೇಡ. 2024ರ ಏಪ್ರಿಲ್ 16ರಂದು ಇದೇ ದೇಶದ ಅಲ್ ಐನ್ ಊರಿನ ಹತ್ತಿರ 24 ಗಂಟೆಯೊಳಗೆ 254 ಮಿಲಿಮೀಟರ್ ಸುರಿಯಿತು. 1949ರಲ್ಲಿ ಲೆಕ್ಕ ಇಡಲು ಶುರು ಮಾಡಿದ ಮೇಲೆ ಅಂಥದ್ದು ಬಂದಿರಲಿಲ್ಲ. ಆಗುಂಬೆಯವರು ಕೇಳಿದರೆ "ಇಷ್ಟೇನಾ?" ಅಂದಾರು. ಚರಂಡಿಯೇ ಸಾಕಷ್ಟಿಲ್ಲದ ಊರಲ್ಲಿ ಅದು ಎಷ್ಟೋ ಕಾರುಗಳನ್ನು ಮುಳುಗಿಸಿತು.

ಇನ್ನು ನಮ್ಮವರ ನಿಜವಾದ ಕಾಯಿಲೆ ಬಿಸಿಲಲ್ಲಿ ಬರುವುದಲ್ಲ, ರೂಮಿನಲ್ಲಿ ಬರುವುದು. ರಾತ್ರಿ ಒಂಬತ್ತೂವರೆಗೆ ಗಾಡಿ ಇಳಿಸುತ್ತದೆ. ಸ್ನಾನಕ್ಕೆ ಕ್ಯೂ. ಹತ್ತೂವರೆಗೆ ತಟ್ಟೆ ತುಂಬ ಅನ್ನ, ಮೇಲೆ ಕೋಳಿ ಸಾರು, ಮಲಗಿದ್ದು ಹನ್ನೊಂದಕ್ಕೆ. ಬೆಳಗ್ಗೆ ನಾಲ್ಕೂವರೆಗೆ ಏಳುವುದು. ದಿನಕ್ಕೆ ನಾಲ್ಕೈದು ಸಕ್ಕರೆ ಚಹಾ, ಮಧ್ಯೆ ಒಂದು ಎನರ್ಜಿ ಡ್ರಿಂಕ್. ಐದು ವರ್ಷ ಹೀಗೇ ಕಳೆದರೆ ಏನಾಗಬೇಕು? 2023ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಮೀಕ್ಷೆ ಭಾರತದಲ್ಲಿ 10.1 ಕೋಟಿ ಜನರಿಗೆ ಶುಗರ್ ಇದೆ ಅಂತ ಹೇಳಿತು. ನಮ್ಮ ಮೈಯೇ ಹಾಗೆ. ನೋಡಲು ಸಣ್ಣಗಿದ್ದರೂ ಹೊಟ್ಟೆ ಮಾತ್ರ ಮುಂದೆ. ನಮ್ಮ ಗಂಡಸರಿಗೆ ಸೊಂಟದ ಸುತ್ತಳತೆ 90 ಸೆಂಟಿಮೀಟರ್ ದಾಟಿದರೆ ಎಚ್ಚರಿಕೆ ಅನ್ನುತ್ತಾರೆ. ಭಾರತ, ಪಾಕಿಸ್ತಾನ, ಬಾಂಗ್ಲಾ, ನೇಪಾಳ, ಲಂಕಾದವರಿಗೆ ಮೊದಲ ಹಾರ್ಟ್ ಅಟ್ಯಾಕ್ ಬೇರೆಯವರಿಗಿಂತ ಐದಾರು ವರ್ಷ ಮುಂಚೆ ಬರುತ್ತದೆ ಅಂತ ಹಲವು ದೇಶಗಳ ರೋಗಿಗಳನ್ನು ಹೋಲಿಸಿ ತೋರಿಸಿದ್ದಾರೆ. ನಿನ್ನಮ್ಮನಿಗೆ ಶುಗರ್ ಇದೆ ಅಂದ ಮೇಲೆ ನೀನು ಇಪ್ಪತ್ತಾರನೇ ವಯಸ್ಸಿಗೇ ಶುಗರ್ ಪರೀಕ್ಷೆ ಮಾಡಿಸು, ವರ್ಷಕ್ಕೊಮ್ಮೆ. ವೀಸಾಕ್ಕೆ ಮಾಡುವ ಮೆಡಿಕಲ್‌ನಲ್ಲಿ ಎದೆಯ ಎಕ್ಸ್‌ರೇ, ರಕ್ತ ಪರೀಕ್ಷೆ ಇರುತ್ತದೆ, ಅದು ಸೋಂಕು ಹುಡುಕಲಿಕ್ಕೆ. ಅದರಲ್ಲಿ ಪಾಸಾದರೆ ಆರೋಗ್ಯ ಸರಿ ಇದೆ ಅಂತಲ್ಲ. ಕಂಪನಿ ಆರೋಗ್ಯ ವಿಮೆ ಕೊಡಲೇಬೇಕು. ಕಾರ್ಡ್ ಕೈಗೆ ಬಂತಾ ಅಂತ ಕೇಳಿ ತೆಗೆದುಕೋ.

ಮಾತ್ರೆ ವಿಷಯಕ್ಕೆ ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಊರಿಂದ ಹೊರಡುವಾಗ ಯಾರಾದರೂ "ನನ್ನ ಮಗನಿಗೆ ಈ ಔಷಧಿ ಕೊಟ್ಟುಬಿಡಪ್ಪ" ಅಂತ ಪೊಟ್ಟಣ ಕೊಟ್ಟರೆ, ಸ್ವಂತ ಸೋದರಮಾವನೇ ಆದರೂ ತೆಗೆದುಕೊಳ್ಳಬೇಡ. ಟ್ರಾಮಡಾಲ್, ಕೊಡೀನ್ ಇರುವ ಮಾತ್ರೆಗಳು ನಮ್ಮಲ್ಲಿ ಅಂಗಡಿಯಲ್ಲಿ ಸಿಗಬಹುದು. ಇಲ್ಲಿ ಮೊದಲೇ ಅನುಮತಿ ಪಡೆಯದೆ ತಂದರೆ ಜೈಲಿನವರೆಗೆ ಹೋಗಬಹುದು.

ರೂಮಿನ ವಿಷಯ ಜಾಸ್ತಿ ಹೇಳುವುದಿಲ್ಲ. ಕಂಪನಿ ಕ್ಯಾಂಪ್ ಆದರೆ ಒಂದು ರೂಮಿನಲ್ಲಿ ಆರೆಂಟು ಜನ. ನೇಪಾಳಿ, ಪಾಕಿಸ್ತಾನಿ, ಮಲಯಾಳಿ ಎಲ್ಲ ಇರುತ್ತಾರೆ, ಒಂದು ತಿಂಗಳಲ್ಲಿ ಹಿಂದಿ ಬಂದುಬಿಡುತ್ತದೆ. ಜಗಳ ಬರುವುದು ಧರ್ಮಕ್ಕಲ್ಲ, ಎಸಿ ಎಷ್ಟಕ್ಕೆ ಇಡಬೇಕು ಅನ್ನುವುದಕ್ಕೆ.

ಮನಸ್ಸಿನ ವಿಷಯ ಯಾರೂ ಹೇಳುವುದಿಲ್ಲ. ರಾತ್ರಿ ವಿಡಿಯೋ ಕಾಲ್‌ನಲ್ಲಿ "ಚೆನ್ನಾಗಿದ್ದೇನೆ" ಅಂತಲೇ ಎಲ್ಲರೂ ಹೇಳುವುದು. ಊರಿನವರು ಅದನ್ನು ನಂಬಿ ಮುಂದಿನ ಬೇಡಿಕೆ ಇಡುತ್ತಾರೆ: ದೇವಸ್ಥಾನದ ಬ್ರಹ್ಮಕಲಶಕ್ಕೆ ಇಷ್ಟು, ದೊಡ್ಡಪ್ಪನ ಮಗನಿಗೆ ಮೊಬೈಲ್. ತಿಂಗಳಿಗೆ ಇಷ್ಟೇ ಕಳಿಸುವುದು ಅಂತ ಮೊದಲ ತಿಂಗಳೇ ಅಮ್ಮನಿಗೆ ಹೇಳಿಬಿಡು. ಆಮೇಲೆ ಕಡಿಮೆ ಮಾಡಿದರೆ ಸಿಟ್ಟಾಗುತ್ತಾರೆ. ತೀರಾ ಬೇಸರ ಬಂದರೆ, ಸಂಬಳದ ತಕರಾರಾದರೂ ಸರಿ, ಭಾರತೀಯ ದೂತಾವಾಸದ ಪ್ರವಾಸಿ ಭಾರತೀಯ ಸಹಾಯ ಕೇಂದ್ರಕ್ಕೆ ಫೋನ್ ಮಾಡು: 800 46342. ಹಣ ಕಟ್ಟಬೇಕಾಗಿಲ್ಲ.

ಕೊನೆಗೆ ಅಮ್ಮನ ವಿಷಯ. ಏಜೆಂಟ್‌ಗೆ ಕೊಡಬೇಕೆಂದಿರುವ ಹಣದಲ್ಲಿ ಸ್ವಲ್ಪ ತೆಗೆದು ಅವರ ಹೆಸರಿನಲ್ಲಿ ಆರೋಗ್ಯ ವಿಮೆ ಮಾಡಿಸು, ಹೊರಡುವ ಮೊದಲೇ. ಶುಗರ್ ಇರುವುದನ್ನು ಮುಚ್ಚಿಡಬೇಡ. ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ ಹೆಚ್ಚೆಂದರೆ ಮೂರು ವರ್ಷ ಅಂತ 2024ರಲ್ಲಿ ಇಳಿಸಿದ್ದಾರೆ. ಇವತ್ತು ಮಾಡಿಸಿದರೆ ಆ ಮೂರು ವರ್ಷ ಇವತ್ತಿನಿಂದ ಎಣಿಕೆ. ತಿಂಗಳಿಗೊಮ್ಮೆ ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವವರು ಯಾರು ಅಂತ ಹೆಸರು ಹಿಡಿದು ಗೊತ್ತು ಮಾಡು. "ಪಕ್ಕದ ಮನೆಯವರು ಇದ್ದಾರೆ" ಅಂದರೆ ಸಾಲದು.

ಆಫರ್ ಲೆಟರ್ ಅಂತ ಏನಾದರೂ ಕಳಿಸಿದರೆ ಹೆಸರು, ಪಾಸ್‌ಪೋರ್ಟ್ ನಂಬರ್ ಮುಚ್ಚಿ ನನಗೆ ಕಳಿಸು, ಓದಿ ಹೇಳುತ್ತೇನೆ. ಅಲ್ಲಿಯವರೆಗೆ ಅವನಿಗೆ ಅಡ್ವಾನ್ಸ್ ಅಂತ ಒಂದು ರೂಪಾಯಿಯನ್ನೂ ಕೊಡಬೇಡ.