ಘಟ್ಟ ಹತ್ತುವಾಗ ಉಕ್ಕುವ ಕ್ಯಾಚ್ ಕ್ಯಾನ್: ದೋಷ ಡಬ್ಬಿಯದೋ, ಎಂಜಿನ್ನಿನದೋ?

ಪ್ರಶ್ನೆ: ನನ್ನದು ಟರ್ಬೊ ಪೆಟ್ರೋಲ್ ಕಾರು, 80 ಸಾವಿರ ಕಿ.ಮೀ. ಓಡಿದೆ. ಎರಡು ವರ್ಷಗಳ ಹಿಂದೆ ಆಯಿಲ್ ಕ್ಯಾಚ್ ಕ್ಯಾನ್ (ಎಂಜಿನ್ನಿನೊಳಗಿನ ಹೊಗೆಯೊಂದಿಗೆ ಬರುವ ಆಯಿಲನ್ನು ಹಿಡಿದಿಡುವ ಡಬ್ಬಿ) ಹಾಕಿಸಿದ್ದೆ. ಮೊದಲೆಲ್ಲ ಸರ್ವಿಸ್ ಸಮಯದಲ್ಲಿ ಅದರ ತಳದಲ್ಲಿ ನಾಲ್ಕೈದು ಚಮಚ ಆಯಿಲ್ ಸಿಗುತ್ತಿತ್ತು. ಈ ಮಳೆಗಾಲದಲ್ಲಿ ಮೂರು ಸಲ ತುಂಬಿದ್ದು, ಪ್ರತಿ ಸಲವೂ ಸುಮಾರು 400 ಮಿ.ಲೀ. ತೆಗೆದಿದ್ದೇನೆ. ಬಣ್ಣ ಹಾಲು ಬೆರೆಸಿದ ಚಹಾದಂತಿದೆ. ದಿನವೂ ಪೇಟೆಗೆ, ಮಕ್ಕಳ ಶಾಲೆಗೆ ಎಂದು ಎರಡು-ಮೂರು ಕಿ.ಮೀ. ಓಡಾಟ; ವಾರಕ್ಕೊಮ್ಮೆ ದೇವಿಮನೆ ಘಟ್ಟ ಇಳಿದು ಕುಮಟೆಗೆ ಹೋಗಿ ಬರುತ್ತೇನೆ. ಕಳೆದ ವಾರ ಘಟ್ಟ ಹತ್ತುವಾಗ ಕ್ಯಾನ್ ಉಕ್ಕಿ, ಸುಟ್ಟ ಆಯಿಲಿನ ವಾಸನೆ ಒಳಗೆಲ್ಲ ತುಂಬಿತು. ಆದರೆ ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಮಟ್ಟ ಇಳಿದೇ ಇಲ್ಲ. ಒಂದು ಗ್ಯಾರೇಜಿನವರು ದೊಡ್ಡ ಕ್ಯಾನ್ ಹಾಕಿಸಿ ಎನ್ನುತ್ತಾರೆ, ಇನ್ನೊಬ್ಬರು ಟರ್ಬೊ ಬದಲಿಸಬೇಕು ಎನ್ನುತ್ತಾರೆ. ಯಾವುದನ್ನು ನಂಬಲಿ?
— ಓದುಗರು, ಶಿರಸಿ

ಉತ್ತರ: ಸದ್ಯಕ್ಕೆ ಎರಡನ್ನೂ ಮಾಡಿಸಬೇಡಿ. ನಿಮ್ಮ ಪತ್ರದ ಅತಿ ಮುಖ್ಯ ಮಾತು ಆಯಿಲ್ ಮಟ್ಟ ಇಳಿದೇ ಇಲ್ಲ ಎಂದು ನೀವು ಆಶ್ಚರ್ಯದಿಂದ ಬರೆದ ಆ ಒಂದು ವಾಕ್ಯದಲ್ಲಿದೆ. ಮೂರು ಸಲಕ್ಕೆ 1.2 ಲೀಟರ್ ಹೊರಗೆ ಬಂದಿದೆ. ಡಿಪ್‌ಸ್ಟಿಕ್ಕಿನ ಮೇಲಿನ ಮತ್ತು ಕೆಳಗಿನ ಗುರುತುಗಳ ನಡುವಿನ ಅಂತರ ಸಾಮಾನ್ಯವಾಗಿ ಒಂದು ಲೀಟರ್ ಆಸುಪಾಸಿನದು. ಬಂದದ್ದೆಲ್ಲ ಆಯಿಲೇ ಆಗಿದ್ದರೆ ಮಟ್ಟ ಇಷ್ಟು ಹೊತ್ತಿಗೆ ಕೆಳಗಿನ ಗುರುತನ್ನೂ ದಾಟಿ ಇಳಿದಿರಬೇಕಿತ್ತು. ಹಾಗಾಗಿಲ್ಲ ಎಂದರೆ ಕ್ಯಾನಿನಲ್ಲಿರುವುದರಲ್ಲಿ ಹೆಚ್ಚಿನ ಪಾಲು ನೀರು. ಇಲ್ಲವೇ ಹೋದ ಆಯಿಲಿನ ಜಾಗವನ್ನು ಪೆಟ್ರೋಲ್ ಇಳಿದು ತುಂಬುತ್ತಿದೆ. ಎರಡೂ ಒಟ್ಟಿಗೆ ನಡೆಯುವುದೂ ಉಂಟು.

ನೀರು ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಒಂದು ಲೀಟರ್ ಪೆಟ್ರೋಲ್ ಉರಿದಾಗ ಹೆಚ್ಚುಕಡಿಮೆ ಒಂದು ಲೀಟರಿನಷ್ಟೇ ನೀರು ಆವಿಯ ರೂಪದಲ್ಲಿ ಹುಟ್ಟುತ್ತದೆ. ಅದರಲ್ಲಿ ಬಹುಪಾಲು ಸೈಲೆನ್ಸರಿನಿಂದ ಹೊರಹೋದರೂ, ಸ್ವಲ್ಪ ಭಾಗ ಪಿಸ್ಟನ್ ರಿಂಗುಗಳ ಸಂದಿನಿಂದ ಕೆಳಗಿನ ಆಯಿಲ್ ಕೋಣೆಯಾದ ಕ್ರ್ಯಾಂಕ್‌ಕೇಸಿಗೆ ನುಸುಳುವ ಹೊಗೆಯೊಂದಿಗೆ ಬರುತ್ತದೆ. ಈ ನುಸುಳುವಿಕೆಯೇ ಬ್ಲೋ-ಬೈ. ಅದು ಮಿತಿಮೀರಿದಾಗ ನಮ್ಮ ಮೆಕ್ಯಾನಿಕ್ಕುಗಳು ‘ಬ್ಯಾಕ್ ಕಂಪ್ರೆಷನ್ ಹೊಡೆಯುತ್ತಿದೆ’ ಎನ್ನುತ್ತಾರೆ. ದೂರದ ಓಡಾಟದಲ್ಲಿ ಆಯಿಲ್ ಚೆನ್ನಾಗಿ ಕಾದು ಈ ನೀರು ಆವಿಯಾಗಿಯೇ ಹೋಗಿಬಿಡುತ್ತದೆ. ಮೂರು ಕಿ.ಮೀ. ಓಡಾಟದಲ್ಲಿ ಆಯಿಲ್ ಕಾಯುವ ಮೊದಲೇ ನೀವು ಎಂಜಿನ್ ಆರಿಸಿರುತ್ತೀರಿ; ಶಿರಸಿಯ ಜುಲೈ ತಿಂಗಳ ಥಂಡಿಯಲ್ಲಿ ಆವಿಯೆಲ್ಲ ತಣ್ಣಗಿನ ಕ್ಯಾನಿನ ಗೋಡೆಗೆ ತಾಗಿ ನೀರಾಗುತ್ತದೆ, ಆಯಿಲಿನೊಂದಿಗೆ ಕಡೆದು ನೀವು ಕಂಡ ಚಹಾ ಬಣ್ಣದ ಗಸಿಯಾಗುತ್ತದೆ.

ಆದ್ದರಿಂದ ಮುಂದಿನ ಸಲ ತೆಗೆದದ್ದನ್ನು ಚೆಲ್ಲದೆ ಒಂದು ಗಾಜಿನ ಬಾಟಲಿಗೆ ತುಂಬಿ, ಎರಡು ದಿನ ಅಲುಗಿಸದೆ ಇಡಿ. ಬೇಗ ಬೇರೆಯಾಗಲಿ ಎಂದು ಬಚ್ಚಲೊಲೆಯ ಹತ್ತಿರ ಮಾತ್ರ ಇಡಬೇಡಿ, ಅದರಲ್ಲಿ ಪೆಟ್ರೋಲ್ ಇರುವ ಸಾಧ್ಯತೆ ಇದೆ. ನೀರು ತಳಕ್ಕಿಳಿದು ಆಯಿಲ್ ಮೇಲೆ ತೇಲುತ್ತದೆ. ತಳದ ನೀರೇ ಹೆಚ್ಚಿದ್ದರೆ ಅರ್ಧ ಚಿಂತೆ ಕಳೆಯಿತು. ಆದರೂ ಎಂಜಿನ್ ತಣ್ಣಗಿರುವಾಗ ಕೂಲೆಂಟ್ ಡಬ್ಬಿಯ ಮಟ್ಟಕ್ಕೆ ಗುರುತು ಹಾಕಿ ವಾರಕಾಲ ನೋಡಿ; ಅದು ಇಳಿಯುತ್ತಿದ್ದರೆ ನೀರು ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ತಲೆ ಮತ್ತು ಬ್ಲಾಕಿನ ನಡುವಿನ ಸೀಲು) ಕಡೆಯಿಂದ ಬರುತ್ತಿರಬಹುದು, ಆಗ ಕಾರನ್ನು ಓಡಿಸುವುದೇ ಬೇಡ. ಡಿಪ್‌ಸ್ಟಿಕ್ಕನ್ನು ಮೂಗಿನ ಹತ್ತಿರ ಹಿಡಿದಾಗ ಪೆಟ್ರೋಲ್ ವಾಸನೆ ಹೊಡೆದರೆ, ಸರ್ವಿಸ್ ದಿನಕ್ಕೆ ಕಾಯದೆ ಆಯಿಲ್ ಬದಲಿಸಿ. ಬದಲಿಸುವಾಗ ಮಾಲೀಕರ ಕೈಪಿಡಿಯಲ್ಲಿ ಹೇಳಿದಷ್ಟನ್ನೇ ಹಾಕಿಸಿ. ಹೊಸ ಆಯಿಲಿನ ಡಬ್ಬಿಯಲ್ಲಿ ಉಳಿದದ್ದನ್ನೂ ಸುರಿದುಬಿಡುವ ರೂಢಿ ಅನೇಕ ಕಡೆ ಇದೆ. ಮಟ್ಟ ಹೆಚ್ಚಾದರೆ ತಿರುಗುವ ಕ್ರ್ಯಾಂಕ್ ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತದೆ, ಆ ನೊರೆ ನೇರವಾಗಿ ಕ್ಯಾನಿಗೆ ಬರುತ್ತದೆ.

ಇನ್ನು ಘಟ್ಟದಲ್ಲೇ ಉಕ್ಕಿದ್ದು ಏಕೆ ಎಂಬುದನ್ನು ನೋಡೋಣ, ಏಕೆಂದರೆ ನನಗೆ ನಿಜವಾದ ಅನುಮಾನ ಇರುವುದು ಇಲ್ಲಿ. ಸಮತಟ್ಟಿನ ರಸ್ತೆಯಲ್ಲಿ ನಿಧಾನ ಹೋಗುವಾಗ ಎಂಜಿನ್ನಿಗೆ ಗಾಳಿ ಹಂಚುವ ಇಂಟೇಕ್ ಮ್ಯಾನಿಫೋಲ್ಡಿನಲ್ಲಿ ಎಳೆತವಿದ್ದು, ಕ್ರ್ಯಾಂಕ್‌ಕೇಸಿನ ಹೊಗೆ ಪಿಸಿವಿ ವಾಲ್ವಿನ (ಈ ಹೊಗೆಯನ್ನು ಒಂದೇ ದಿಕ್ಕಿಗೆ ಬಿಡುವ ಕವಾಟ) ಮೂಲಕ ಅಲ್ಲಿಗೆ ಹೋಗುತ್ತದೆ. ಘಟ್ಟ ಹತ್ತುವಾಗ ಟರ್ಬೊ ಗಾಳಿ ಒತ್ತಿ ತುಂಬುವುದರಿಂದ ಅದೇ ಮ್ಯಾನಿಫೋಲ್ಡಿನಲ್ಲಿ ಎಳೆತದ ಬದಲು ಒತ್ತಡ ಏಳುತ್ತದೆ. ಆಗ ಪಿಸಿವಿ ವಾಲ್ವು ಮುಚ್ಚಿಕೊಂಡು, ಹೊಗೆ ಇನ್ನೊಂದು ಪೈಪಿನಿಂದ ಟರ್ಬೊದ ಮುಂಚಿನ ಭಾಗಕ್ಕೆ ಹೋಗಬೇಕು. ವಾಲ್ವು ಗಸಿ ಹಿಡಿದೋ ಅದರೊಳಗಿನ ಪೊರೆ ಹರಿದೋ ಮುಚ್ಚದೆ ಉಳಿದರೆ, ಟರ್ಬೊದ ಗಾಳಿ ಹಿಮ್ಮುಖವಾಗಿ ಕ್ರ್ಯಾಂಕ್‌ಕೇಸಿಗೆ ನುಗ್ಗಿ, ಅಲ್ಲಿದ್ದ ಆಯಿಲನ್ನೆಲ್ಲ ಕ್ಯಾನಿನತ್ತ ಊದುತ್ತದೆ. ಊರೊಳಗೆ ಸುಮ್ಮನಿದ್ದು ಏರಿನಲ್ಲಿ ಮಾತ್ರ ಉಕ್ಕುವ ಕ್ಯಾನು ಬಹುತೇಕ ಇದನ್ನೇ ಹೇಳುತ್ತಿರುತ್ತದೆ. ವಾಲ್ವು ಬಿಡಿಯಾಗಿದ್ದರೆ ಕಳಚಿ, ಅದಕ್ಕೆ ಶುದ್ಧವಾದ ತುಂಡು ಪೈಪು ಸಿಕ್ಕಿಸಿ ಬಾಯಿಂದ ಊದಿ ನೋಡಿ. ಒಂದು ಕಡೆಯಿಂದ ಗಾಳಿ ಹೋಗಬೇಕು, ಇನ್ನೊಂದು ಕಡೆಯಿಂದ ಹೋಗಬಾರದು. ಹೊಸ ಕಾರುಗಳಲ್ಲಿ ಅದು ವಾಲ್ವ್ ಕವರಿನೊಳಗೇ ಸೇರಿರುತ್ತದೆ, ಹಾಗಿದ್ದರೆ ಗ್ಯಾರೇಜಿನ ನೆರವು ಬೇಕು.

ಅದೇ ಹೊತ್ತಿಗೆ ಏರ್ ಫಿಲ್ಟರ್ ತೆಗೆದು ನೋಡಿ. ಅದು ಧೂಳು ಕಟ್ಟಿಯೋ ಒದ್ದೆಯಾಗಿಯೋ ಇದ್ದರೆ ಟರ್ಬೊ ತನಗೆ ಬೇಕಾದ ಗಾಳಿಯನ್ನು ಕ್ಯಾನಿನ ಪೈಪಿನಿಂದಲೇ ಜೋರಾಗಿ ಎಳೆಯುತ್ತದೆ, ಜೊತೆಗೆ ಆಯಿಲೂ ಬರುತ್ತದೆ. ಪೈಪು ಎಲ್ಲಿಯೂ ಜೋತುಬಿದ್ದು ನೀರು ನಿಲ್ಲುವಂತಿರಬಾರದು.

ಎಂಜಿನ್ನಿನೊಳಗಿನ ಒತ್ತಡ ತಿಳಿಯಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಎಂಜಿನ್ ಕಾದ ಮೇಲೆ ಐಡಲಿನಲ್ಲಿಟ್ಟು, ಆಯಿಲ್ ಸುರಿಯುವ ಮುಚ್ಚಳ ತೆಗೆದು, ತೊಳೆದ ಹಾಲಿನ ಪ್ಯಾಕೆಟ್ಟನ್ನು ಬಿಡಿಸಿ ಆ ಬಾಯಿಯ ಮೇಲೆ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿಯಿರಿ. ಬೆಲ್ಟಿನಿಂದ ಕೈ ದೂರವಿರಲಿ. ಪ್ಲಾಸ್ಟಿಕ್ ಸ್ವಲ್ಪ ಒಳಕ್ಕೆ ತಗ್ಗಿದರೆ ಸರಿಯಿದೆ. ಪೂರಿಯಂತೆ ಉಬ್ಬಿದರೆ ರಿಂಗು ಅಥವಾ ಬೋರ್ ಸವೆದಿರಬಹುದು. ಆಗ ಕಂಪ್ರೆಷನ್ ಪರೀಕ್ಷೆ ಮಾಡಿಸಿ. ಸಿಲಿಂಡರುಗಳ ನಡುವೆ ಶೇಕಡಾ 15ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಎಂಜಿನ್ ಬಿಚ್ಚುವ ಮಾತು ಆಡಬಹುದು.

ಟರ್ಬೊ ಬದಲಿಸಿ ಎಂದವರ ಮಾತಿಗೆ ನನಗೆ ಆಧಾರ ಕಾಣುವುದಿಲ್ಲ. ಟರ್ಬೊದ ಸೀಲ್ ಹೋದರೆ ಆಯಿಲ್ ಟರ್ಬೊ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಪೈಪಿನಲ್ಲಿ ಅಥವಾ ಸೈಲೆನ್ಸರಿನ ನೀಲಿ ಹೊಗೆಯಲ್ಲಿ ಕಾಣಬೇಕು. ನೀವು ಅವೆರಡನ್ನೂ ಬರೆದಿಲ್ಲ.

ಇಷ್ಟೆಲ್ಲ ಆಗುವವರೆಗೆ ಪ್ರತಿ ಸಲ ಘಟ್ಟಕ್ಕೆ ಹೊರಡುವ ಮುನ್ನ ಕ್ಯಾನ್ ಖಾಲಿ ಮಾಡಿ. ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ: ನಿಮಗೆ ಬಂದ ಸುಟ್ಟ ವಾಸನೆ, ಕಾದ ಟರ್ಬೊದ ಮೈಮೇಲೆ ಆಯಿಲ್ ಬಿದ್ದದ್ದರಿಂದ ಬಂದಿರಬಹುದು, ಅದರಿಂದ ಬೆಂಕಿ ಹತ್ತಬಲ್ಲದು. ತೆಗೆದ ಆಯಿಲನ್ನು ತೋಟದ ಕಾಲುವೆಗೆ ಸುರಿಯದೆ ಗ್ಯಾರೇಜಿನ ಹಳೆ ಆಯಿಲ್ ಬ್ಯಾರೆಲ್ಲಿಗೆ ಕೊಡಿ.

ಪ್ರಶ್ನೆ: ನನ್ನದು ಟರ್ಬೊ ಡೀಸೆಲ್. ಕ್ಯಾನ್ ತುಂಬಿ, ಅದರ ಹೊರಪೈಪಿನಿಂದ ಆಯಿಲ್ ಟರ್ಬೊದ ಕಡೆಗೆ ಹೋಗುತ್ತಿದೆ. ಅಪಾಯವೇ?
— ಓದುಗರು, ಕಾರವಾರ

ಉತ್ತರ: ಹೌದು, ಪೆಟ್ರೋಲ್ ಕಾರಿಗಿಂತ ಹೆಚ್ಚು. ಡೀಸೆಲ್ ಎಂಜಿನ್ ಹಾಗೆ ಬಂದ ಆಯಿಲನ್ನೇ ಇಂಧನವಾಗಿ ಉರಿಸಿಕೊಂಡು, ಕೀಲಿ ತೆಗೆದರೂ ನಿಲ್ಲದೆ ತಾನೇ ವೇಗ ಏರಿಸಿಕೊಳ್ಳಬಲ್ಲದು. ಹಾಗೇನಾದರೂ ಆದರೆ, ಗೇರ್ ಕಾರಾಗಿದ್ದಲ್ಲಿ, ಬ್ರೇಕನ್ನು ಪೂರ್ತಿ ಒತ್ತಿ ಹಿಡಿದು, ಅತಿ ಮೇಲಿನ ಗೇರಿಗೆ ಹಾಕಿ ಕ್ಲಚ್ ಬಿಟ್ಟು ಎಂಜಿನ್ ಆಫ್ ಆಗುವಂತೆ ಮಾಡಬೇಕು. ಬಿಎಸ್-6 ಕಾರಾದರೆ ಇಂದೇ ಡಿಪ್‌ಸ್ಟಿಕ್ ನೋಡಿ: ಹೊಗೆ ಫಿಲ್ಟರನ್ನು ಸುಟ್ಟು ಶುದ್ಧ ಮಾಡಿಕೊಳ್ಳುವ ಕ್ರಮ ಅರ್ಧಕ್ಕೆ ನಿಲ್ಲುತ್ತಿದ್ದರೆ ಡೀಸೆಲ್ ಆಯಿಲಿಗಿಳಿದು ಮಟ್ಟ ಏರುತ್ತದೆ. ಮಟ್ಟ ಮೇಲಿನ ಗುರುತು ದಾಟಿದ್ದರೆ ಕಾರನ್ನು ಓಡಿಸದೆ, ಇದ್ದಲ್ಲಿಯೇ ಆಯಿಲ್ ಬದಲಿಸಿಕೊಳ್ಳಿ.